ಮಗಳ ಸಂಜೆ ಯಾರದ್ದು?

ಪಿಯುಸಿ ಫಲಿತಾಂಶ ಬಂದು, ಸಿಇಟಿ ಗಡಿಬಿಡಿ ಮುಗಿದು, ಯಾವ ಕಾಲೇಜು, ಯಾವ ಕಾಂಬಿನೇಷನ್ ಅಂತ ತೀರ್ಮಾನವಾದ ಮೇಲೆ ಮನೆಯಲ್ಲಿ ಒಂದು ಥರದ ನಿರಾಳ. ಎರಡು ವರ್ಷ ಟ್ಯೂಷನ್ನು, ಟೆಸ್ಟು, ಬೆಳಗಿನ ಜಾವದ ಅಲಾರಂ, ರಾತ್ರಿ ಹಾಲಿಗೆ ಬಾದಾಮಿ ಪುಡಿ ಅಂತ ಮಕ್ಕಳಿಗಿಂತ ಹೆಚ್ಚು ಓಡಾಡಿದವರು ಅಮ್ಮಂದಿರೇ ಅಲ್ಲವೇ? ಇಂಜಿನಿಯರಿಂಗ್, ಮೆಡಿಕಲ್ ಸೇರಿದವರ ಮನೆಯಲ್ಲಿ ಆ ಓಟ ಮುಂದುವರಿಯುತ್ತದೆ. ಬಿಎ, ಬಿಕಾಂ, ಬಿಎಸ್ಸಿ ಸೇರಿದ ಮಕ್ಕಳ ಮನೆಯಲ್ಲಿ ಮಾತ್ರ ‘ಇನ್ನೇನು ಡಿಗ್ರಿ ತಾನೇ, ಅದರ ಪಾಡಿಗೆ ಅದು ಆಗತ್ತೆ ಬಿಡಿ’ ಎಂಬ ಮಾತು ಕೇಳಿಸುತ್ತದೆ. ಅದರಲ್ಲೂ ಸೇರಿದ್ದು ಮಗಳಾದರೆ ಈ ಮಾತು ಇನ್ನೂ ಬೇಗ ಬರುತ್ತದೆ.

ಡಿಗ್ರಿ ಮೊದಲ ವರ್ಷ ಅದರ ಪಾಡಿಗೆ ಆಗುವಂಥದ್ದಲ್ಲ. ಅದು ಮಕ್ಕಳ ಕೈಗೆ ಮೊದಲ ಸಲ ಸಮಯ ಸಿಗುವ ವರ್ಷ. ಪಿಯುಸಿಯಲ್ಲಿ ಬೆಳಿಗ್ಗೆ ಹೋದರೆ ಸಂಜೆವರೆಗೂ ಕ್ಲಾಸು. ಡಿಗ್ರಿಯಲ್ಲಿ ಒಂದು ದಿನ ಮೂರೇ ಪೀರಿಯಡ್ಡು, ಇನ್ನೊಂದು ದಿನ ಊಟದ ಹೊತ್ತಿಗೇ ಬಿಡುವು. ಕೈಯಲ್ಲಿ ಫೋನು, ಎದುರಿಗೆ ಖಾಲಿ ಸಂಜೆ. ಆ ಸಂಜೆಯಲ್ಲಿ ಏನು ಮಾಡ್ತಾರೆ ಅನ್ನೋದರ ಮೇಲೆ ಮುಂದಿನ ಎಷ್ಟೋ ಸಂಗತಿ ನಿಂತಿರುತ್ತದೆ. ಕ್ಲಾಸಿನಲ್ಲಿ ಸಿಗುವುದು ಅಂಕಪಟ್ಟಿ. ಬರೆಯೋದು, ಹಾಡೋದು, ಚಿತ್ರ ಬಿಡಿಸೋದು, ನಾಲ್ಕು ಮಕ್ಕಳಿಗೆ ಪಾಠ ಹೇಳಿ ಸ್ವಂತ ದುಡ್ಡು ನೋಡೋದು, ಇವೆಲ್ಲ ಹುಟ್ಟೋದು ಆ ಖಾಲಿ ಹೊತ್ತಿನಲ್ಲೇ. ಮಕ್ಕಳು ಇದಕ್ಕೆ ‘ಸೈಡ್ ಪ್ರಾಜೆಕ್ಟ್’ ಅಂತಾರೆ. ನಾವು ‘ಓದು ಬಿಟ್ಟು ಮತ್ತೇನೋ’ ಅಂತೀವಿ!

ಈಗ ನಿಮಗೊಂದು ಪ್ರಶ್ನೆ. ಡಿಗ್ರಿ ಓದುವ ಮಗನ ಸಂಜೆ ಯಾರದ್ದು? ಅವನದ್ದೇ. ಕ್ರಿಕೆಟ್ಟು, ಗೆಳೆಯನ ಬೈಕು, ಕ್ಯಾಮೆರಾ, ತಾಳಮದ್ದಲೆ, ಏನಾದರೂ ಇರಲಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರಿದರೆ ಸಾಕು. ಡಿಗ್ರಿ ಓದುವ ಮಗಳ ಸಂಜೆ? ‘ಬಂದ್ಯಾ? ಬಟ್ಟೆ ಒಳಗೆ ತಗೋ, ಮಳೆ ಬರೋ ಹಾಗಿದೆ. ಹಂಗೇ ಕುಕ್ಕರ್ ಇಡು. ತಮ್ಮನ ಹೋಂವರ್ಕ್ ನೋಡಿಬಿಡು.’ ಯಾರೂ ಗದರುವುದಿಲ್ಲ, ಯಾರೂ ಬಯ್ಯುವುದಿಲ್ಲ. ಪ್ರೀತಿಯಿಂದಲೇ ಹೇಳ್ತೀವಿ. ಆದರೆ ಆರು ಗಂಟೆಗೆ ಶುರುವಾದದ್ದು ಒಂಬತ್ತಕ್ಕೆ ಮುಗಿಯುವಷ್ಟರಲ್ಲಿ ಅವಳ ಸಂಜೆ ಎಲ್ಲಿ ಹೋಯಿತು ಅಂತ ಅವಳಿಗೂ ಗೊತ್ತಾಗಿರುವುದಿಲ್ಲ, ನಮಗೂ.

ಇದು ನಮ್ಮ ನಿಮ್ಮ ಮನೆಯ ಕತೆಯಷ್ಟೇ ಅಲ್ಲ. ಜನ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆ ಅಂತ ಕೇಂದ್ರ ಸರ್ಕಾರ 2024ರಲ್ಲಿ ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವ ಹೊತ್ತು ದಿನಕ್ಕೆ ಸರಾಸರಿ 289 ನಿಮಿಷ. ಗಂಡಸರದ್ದು 88 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ ಮಾತ್ರ, ಕೈಯೇ ಹಾಕದವರನ್ನು ಇದರಲ್ಲಿ ಸೇರಿಸಿಲ್ಲ! ಈ 289 ನಿಮಿಷದ ತರಬೇತಿ ಎಲ್ಲಿ ಶುರುವಾಗುತ್ತದೆ ಅಂತ ಬೇರೆ ಹೇಳಬೇಕೇ?

ಬಸ್ಸು, ಲಾಂಚು, ಸೇತುವೆ

ನಮ್ಮ ಮಲೆನಾಡಿನ ಮೂರು ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. ಸಾಗರ, ಹೊಸನಗರ, ತೀರ್ಥಹಳ್ಳಿ. ಸಾಗರದಲ್ಲಿ ಲಾಲ್ ಬಹದ್ದೂರ್ ಕಾಲೇಜು ಇದೆ, ಇಂದಿರಾ ಗಾಂಧಿ ಹೆಸರಿನ ಸರ್ಕಾರಿ ಮಹಿಳಾ ಕಾಲೇಜಿದೆ. ಹೊಸನಗರದಲ್ಲಿ ಕೊಡಚಾದ್ರಿ ಸರ್ಕಾರಿ ಕಾಲೇಜು, ತೀರ್ಥಹಳ್ಳಿಯಲ್ಲಿ ತುಂಗಾ ಮಹಾವಿದ್ಯಾಲಯ. ಇವೆಲ್ಲ 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದವು. ವಿಶ್ವವಿದ್ಯಾಲಯ ಇರುವುದು ಶಿವಮೊಗ್ಗ ದಾಟಿ ಶಂಕರಘಟ್ಟದಲ್ಲಿ. ಮೊದಲ ವರ್ಷದ ಮಕ್ಕಳಿಗೆ ಅದು ಅಂಕಪಟ್ಟಿಯ ಮೇಲಿನ ಹೆಸರು, ಅಷ್ಟೆ. ಅವರ ನಿಜವಾದ ವಿಶ್ವವಿದ್ಯಾಲಯ ಎಂದರೆ ಬಸ್‌ಸ್ಟ್ಯಾಂಡು!

ತಮಾಷೆಗೆ ಹೇಳುತ್ತಿಲ್ಲ. ನಿಟ್ಟೂರು, ನಗರದ ಕಡೆಯಿಂದ ಹೊಸನಗರಕ್ಕೆ, ಆಗುಂಬೆ, ಮೇಗರವಳ್ಳಿ ಕಡೆಯಿಂದ ತೀರ್ಥಹಳ್ಳಿಗೆ ದಿನಾ ಬರುವ ಮಕ್ಕಳಿದ್ದಾರೆ. ಒಂಟಿ ಮನೆಗಳ ಊರು ನಮ್ಮದು. ಮನೆಯಿಂದ ರಸ್ತೆಗೆ ನಡಿಗೆ, ರಸ್ತೆಯಲ್ಲಿ ಬಸ್ಸಿಗೆ ಕಾಯೋದು, ಬಸ್ಸಿನಲ್ಲಿ ನಿಂತು ಬರೋದು. ಮಳೆಗಾಲದಲ್ಲಿ ಒದ್ದೆ ಚೂಡಿದಾರದಲ್ಲೇ ಮೊದಲ ಕ್ಲಾಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಓಡಾಟ ಉಚಿತವಾಯಿತು. ಬೆಂಗಳೂರಿನ ಗೆಳತಿಯರು ‘ನಿಮಗೇನ್ರೀ, ಬಸ್ಸು ಫ್ರೀ’ ಅಂತಾರೆ. ನಮ್ಮ ಕಡೆ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಕಂಡಕ್ಟರಿಗೆ ದುಡ್ಡೇ ಕೊಡಬೇಕು. ಹುಡುಗಿ ಕಾಲೇಜು ಮುಗಿಸಿ ಗ್ರಂಥಾಲಯದಲ್ಲಿ ಒಂದು ತಾಸು ಕೂತರೆ ಬಸ್ಸು ತಪ್ಪುತ್ತದೆ. ಕ್ಲಾಸು ಮುಗಿದ ಮೇಲಿನ ನಾಟಕ ತಾಲೀಮು, ಕ್ವಿಜ್ಜು, ವಾಲಿಬಾಲ್ ಯಾವುದೂ ಆಕೆಯ ಟೈಂಟೇಬಲ್ಲಿನಲ್ಲಿ ಇರುವುದಿಲ್ಲ, ಏಕೆಂದರೆ ಬಸ್ಸಿನ ಟೈಂಟೇಬಲ್ಲಿನಲ್ಲಿ ಅದಕ್ಕೆ ಜಾಗವಿಲ್ಲ.

ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರ ಪಾಡು ಇನ್ನೊಂದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಆ ಊರುಗಳು ನೀರಿನಾಚೆ ಉಳಿದವು. ಸಾಗರಕ್ಕೆ ಬರಬೇಕೆಂದರೆ ಲಾಂಚೇ ಗತಿ. ಕೊನೆಯ ಲಾಂಚ್ ತಪ್ಪಿದರೆ ಎದುರಿಗೆ ಊರು ಕಾಣುತ್ತಿದ್ದರೂ ಮನೆ ಸೇರುವಂತಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ನಾವೆಲ್ಲ ಸಿಗಂದೂರು ದೇವಿಯ ದರ್ಶನಕ್ಕೆ ಸಲೀಸಾಯಿತು ಅಂದುಕೊಂಡೆವು. ಆ ಭಾಗದ ಕಾಲೇಜು ಹುಡುಗಿಯರ ಕಡೆಯಿಂದ ನೋಡಿ. ಕೊನೆಯ ಲಾಂಚಿಗೆ ಓಡಬೇಕಾದ ಸಂಜೆಯೊಂದು ಅವರಿಗೆ ವಾಪಸು ಸಿಕ್ಕಿದೆ. ಸರ್ಕಾರ ಸೇತುವೆ ಕಟ್ಟಿ ಕೊಟ್ಟ ಸಂಜೆಯನ್ನು ನಾವು ಮನೆಯಲ್ಲಿ ಪಾತ್ರೆ ತೊಳೆಸಿ ಕಳೆದರೆ ಹೇಗೆ?

ಚಿಕ್ಕಮ್ಮನ ಮನೆಯ ಓದು

ಇಷ್ಟು ಓಡಾಟ ಬೇಡ ಅಂತ ಎಷ್ಟೋ ತಾಯಂದಿರು ಮಗಳನ್ನು ಪೇಟೆಯ ನೆಂಟರ ಮನೆಯಲ್ಲಿ ಬಿಡುತ್ತಾರೆ. ಈ ಮಾತು ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಓದುಗರಿಗೂ ಅನ್ವಯಿಸುತ್ತದೆ. ಅಕ್ಕನ ಮಗಳು, ಮೈದುನನ ಮಗಳು ನಿಮ್ಮಲ್ಲೇ ಇದ್ದು ಕಾಲೇಜಿಗೆ ಹೋಗುತ್ತಿರಬಹುದು. ‘ನಮ್ಮ ಮನೆ ಮಗಳ ಹಾಗೇ ನೋಡ್ಕೋತೀವಿ’ ಅಂದಿರುತ್ತೀರಿ. ನಿಜ ಕೂಡ.

ಸಾಗರದಲ್ಲಿ ನನಗೆ ಗೊತ್ತಿರುವ ಒಂದು ಮನೆ. ಬಿಕಾಂ ಮೊದಲ ವರ್ಷದ ಹುಡುಗಿ, ಹಳ್ಳಿಯಿಂದ ಬಂದು ಚಿಕ್ಕಮ್ಮನ ಮನೆಯಲ್ಲಿದ್ದಳು. ಬೆಳಿಗ್ಗೆ ಎದ್ದು ಎಲ್ಲರಿಗೂ ದೋಸೆ ಎರೆದು, ಚಿಕ್ಕ ಮಕ್ಕಳಿಗೆ ಡಬ್ಬಿ ಕಟ್ಟಿ ಕಾಲೇಜಿಗೆ ಹೊರಡಬೇಕು. ಸಂಜೆ ಮಕ್ಕಳನ್ನು ಓದಿಸಬೇಕು. ಯಾರೂ ‘ಮಾಡು’ ಅಂತ ಹೇಳಿರಲಿಲ್ಲ. ಅನ್ನ ಹಾಕಿದ ಮನೆ, ಕೂತು ಉಂಡರೆ ಏನೆಂದುಕೊಂಡಾರು ಎಂಬ ಸಂಕೋಚ ಅವಳದ್ದು. ಮೊದಲ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಹೋಯಿತು. ದೊಡ್ಡವರು ಏನಂದರು ಗೊತ್ತೇ? ‘ಓದೋದರಲ್ಲಿ ಮನಸ್ಸಿಲ್ಲ ಅವಳಿಗೆ. ಮನೆಗೆಲಸದಲ್ಲಿ ಚುರುಕು. ಒಳ್ಳೆ ಗಂಡು ಸಿಕ್ಕರೆ ನೋಡಿಬಿಡಿ.’ ಮುಂದಿನ ವರ್ಷ ಅವಳು ಕಾಲೇಜಿಗೆ ಬರಲಿಲ್ಲ.

ಇಂಥ ಮನೆಯಲ್ಲಿ ಕೆಟ್ಟವರು ಯಾರೂ ಇರುವುದಿಲ್ಲ. ಹುಡುಗಿಯ ಹೊತ್ತಿಗೆ ಲೆಕ್ಕ ಇಡುವವರು ಇರುವುದಿಲ್ಲ, ಅಷ್ಟೆ. ನಿಮ್ಮ ಮನೆಯಲ್ಲಿ ಓದುವ ಹುಡುಗಿ ಇದ್ದರೆ ಮೊದಲ ವಾರದಲ್ಲೇ ಕೂರಿಸಿಕೊಂಡು ಹೇಳಿಬಿಡಿ: ‘ನೋಡು ಪುಟ್ಟಿ, ನಿನ್ನ ತಟ್ಟೆ ನೀನು ತೊಳಿ, ಭಾನುವಾರ ನನ್ನ ಜತೆ ಕೈಗೂಡಿಸು. ಉಳಿದದ್ದು ನಿನ್ನ ಹೊತ್ತು.’ ಈ ಒಂದು ಮಾತು ಅವಳ ಎದೆಯ ಭಾರವನ್ನು ಎಷ್ಟು ಇಳಿಸುತ್ತದೆ ಎಂದು ನೀವೇ ನೋಡುವಿರಿ.

17, 18 ಮತ್ತು 46

ಓದಿನ ಜತೆ ಇನ್ನೊಂದು ಕೆಲಸ ಹಿಡಿದವರು ಏನಾದರು ಎಂದು ತಿಳಿಯಲು ಈ ಮೂರು ತಾಲ್ಲೂಕು ಬಿಟ್ಟು ಹೋಗಬೇಕಿಲ್ಲ.

ತೀರ್ಥಹಳ್ಳಿಯ ಕುಪ್ಪಳಿಯಿಂದ ಮೈಸೂರಿಗೆ ಓದಲು ಹೋದ ಹುಡುಗ 1922ರಲ್ಲಿ, ಸುಮಾರು 18ರ ವಯಸ್ಸಿನಲ್ಲಿ, ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವಿತೆಗಳ ಪುಸ್ತಕ ತಂದ. ಪರೀಕ್ಷೆಗೆ ಬೇಕಾದದ್ದಲ್ಲ ಅದು. ಐರಿಷ್ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಸಿಕ್ಕಾಗ ನಿನ್ನ ಭಾಷೆಯಲ್ಲಿ ಬರಿ ಎಂದರು. ಆ ಹುಡುಗ ಕನ್ನಡಕ್ಕೆ ತಿರುಗಿದ. 1927ರಲ್ಲಿ ಬಿಎ ಕೂಡ ಮುಗಿಸಿದ. ಇಂದು ನಮ್ಮ ಮಕ್ಕಳ ವಿಶ್ವವಿದ್ಯಾಲಯಕ್ಕೆ ಇರುವುದು ಅವರದ್ದೇ ಹೆಸರು, ಕುವೆಂಪು.

ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಊರಿನವರು ಸೇರಿ ನಾಟಕಕ್ಕೆಂದು ಒಂದು ಸಂಘ ಕಟ್ಟಿದರು. ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಅಂದರೆ ನಮ್ಮ ನೀನಾಸಂ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ ಆಗ 17 ವರ್ಷ. ಅವರೂ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ ಊರಿಗೆ ಮರಳಿದವರು. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಬಂತು, 1985ರಲ್ಲಿ ತಿರುಗಾಟ ತಂಡ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ. ಹದಿನೇಳರ ಹುಡುಗನಿಗೆ ‘ನಾಟಕ ಗೀಟಕ ಬೇಡ, ಓದು’ ಅಂತ ಯಾರಾದರೂ ಗಟ್ಟಿಯಾಗಿ ಹೇಳಿ ಅವರು ಕೇಳಿಬಿಟ್ಟಿದ್ದರೆ?

ಇನ್ನು ಮೂರನೆಯವರು. ಹೆಣ್ಣುಮಗಳು. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ. ‘ತುಂಗಭದ್ರಾ’, ‘ಗೆಜ್ಜೆಪೂಜೆ’, ‘ಫಣಿಯಮ್ಮ’ ನೀವು ಓದಿರುತ್ತೀರಿ, ಓದದಿದ್ದರೂ ‘ಗೆಜ್ಜೆಪೂಜೆ’, ‘ಫಣಿಯಮ್ಮ’ ಸಿನಿಮಾ ನೋಡಿರುತ್ತೀರಿ. ಇಂದಿರಾ ಅವರ ಶಾಲೆ ಏಳು ವರ್ಷಕ್ಕೆ ನಿಂತಿತು. ಹನ್ನೆರಡನೆಯ ವಯಸ್ಸಿಗೆ ಮದುವೆ. ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ. ಆಗ ಅವರಿಗೆ 46.

ಒಂದೇ ಮಣ್ಣು, ಒಂದೇ ಮಳೆ. ಹುಡುಗರು ಹದಿನೇಳು, ಹದಿನೆಂಟಕ್ಕೆ ಶುರು ಮಾಡಿದರು. ಹುಡುಗಿ 46ರವರೆಗೆ ಕಾದಳು. ಪ್ರತಿಭೆ ಯಾರಲ್ಲಿ ಹೆಚ್ಚು ಅಂತ ಯಾರೂ ತೂಗಬೇಕಿಲ್ಲ. ನಡುವಿನ ಮೂವತ್ತು ವರ್ಷದಲ್ಲಿ ಬರೆಯದೇ ಉಳಿದದ್ದು ಎಷ್ಟಿತ್ತೋ! ಇಂದಿರಾ ಅವರ ಕಾಲದಲ್ಲಿ ಅದು ಹಾಗಿತ್ತು. ಇಂದು ಹುಡುಗಿ ಕಾಲೇಜಿಗೆ ಬಂದಿದ್ದಾಳೆ. ಕಾಲೇಜಿಗೆ ಕಳಿಸಿದ್ದು ದೊಡ್ಡ ಮಾತೇ. ಕಳಿಸಿದ ಮೇಲೆ ಹೊತ್ತನ್ನೂ ಕೊಡಬೇಕು ತಾನೆ?

ಓದಿನ ಕಷ್ಟ ಏನು, ಯಾಕೆ?

ಮಗಳು ಮೊದಲ ಸೆಮಿಸ್ಟರ್‌ನಲ್ಲಿ ಮಂಕಾದರೆ ‘ಫೋನ್ ನೋಡಿ ಹಾಳಾದಳು’ ಅಂತ ಕೂಡಲೇ ತೀರ್ಪು ಕೊಡಬೇಡಿ. ಕನ್ನಡ ಮಾಧ್ಯಮದಲ್ಲಿ ಓದಿ ಬಿಕಾಂ, ಬಿಎಸ್ಸಿ, ಬಿಸಿಎ ಸೇರಿದ ಮಕ್ಕಳಿಗೆ ಮೊದಲ ಮೂರು ತಿಂಗಳು ಪಾಠದ ಇಂಗ್ಲಿಷೇ ದೊಡ್ಡ ಬೆಟ್ಟ. ವಿಷಯ ಗೊತ್ತಿರುತ್ತದೆ, ಬರೆಯಲು ಮಾತು ಸಿಗುವುದಿಲ್ಲ. ಎದ್ದು ಕೇಳಲು ನಾಚಿಕೆ. ಈ ಹೊತ್ತಿನಲ್ಲಿ ಬೇಕಾದದ್ದು ಬೈಗುಳ ಅಲ್ಲ. ದಿನಾ ಒಂದು ಪುಟ ಬರೆದು ತಿದ್ದಿಸಿಕೊಳ್ಳುವ ಅಭ್ಯಾಸ ಬೇಕು, ಅಧ್ಯಾಪಕರ ಹತ್ತಿರ ಹೋಗಿ ಕೇಳುವ ಧೈರ್ಯ ಬೇಕು.

ಇನ್ನೊಂದು, ನಿಯಮಗಳು ಬದಲಾಗುತ್ತಲೇ ಇವೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದ್ಧತಿ ಬಂತು. 2024-25ರಿಂದ ನಮ್ಮ ರಾಜ್ಯ ಮತ್ತೆ ಮೂರು ವರ್ಷ, ಆರು ಸೆಮಿಸ್ಟರ್‌ಗೆ ಮರಳಿತು. ಹಾಗಾಗಿ ಪಕ್ಕದ ಮನೆಯ ಅಕ್ಕ ಹೇಳಿದ್ದು ನಿಮ್ಮ ಮಗಳಿಗೆ ಸರಿಹೊಂದಬೇಕೆಂದೇನೂ ಇಲ್ಲ. ಇಂಟರ್ನಲ್ ಅಂಕ ಎಷ್ಟು, ಹಾಜರಾತಿ ಎಷ್ಟು ಬೇಕು ಅಂತ ಕಾಲೇಜಿನಲ್ಲೇ ಕೇಳಿ ಬರಲಿ. ಇಂಟರ್ನಲ್ ಅಂಕ ಅನ್ನೋದು ಕಿರುಪರೀಕ್ಷೆ, ಅಸೈನ್‌ಮೆಂಟ್ ಅಂತ ಹನಿ ಹನಿಯಾಗಿ ಕೂಡುವಂಥದ್ದು. ಕೊನೆಯ ವಾರ ರಾತ್ರಿಯಿಡೀ ಓದಿದರೆ ಅದು ಬರುವುದಿಲ್ಲ.

ನಮ್ಮ ಕಡೆ ಮೂರನೆಯ ಕಷ್ಟವೊಂದಿದೆ. ದೀಪಾವಳಿ ಕಳೆಯುತ್ತಿದ್ದ ಹಾಗೆ ಅಡಿಕೆ ಕೊಯ್ಲು. ಮನೆ ಮನೆಯಲ್ಲೂ ರಾತ್ರಿ ಸುಲಿತ. ಮೊದಲ ಸೆಮಿಸ್ಟರಿನ ಓದು ಬಿಗಿಯಾಗುವುದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಸುಲಿತಕ್ಕೆ ಕೂತು ನಾಲ್ಕು ಕಾಸು ಸಂಪಾದಿಸಿ ಕಾಲೇಜಿನ ಖರ್ಚು ತೂಗಿಸುವ ಹುಡುಗಿಯರಿದ್ದಾರೆ. ಅದು ಹೆಮ್ಮೆಯ ದುಡಿಮೆ. ಆದರೆ ಮನೆಯ ಸುಲಿತಕ್ಕೆ ಕೂಲಿಯೂ ಇಲ್ಲ, ಮುಗಿಯುವ ಹೊತ್ತೂ ಇಲ್ಲ. ಪರೀಕ್ಷೆಯ ಹಿಂದಿನ ಒಂದು ತಿಂಗಳು ಮಗಳನ್ನು ಸುಲಿತದಿಂದ ಬಿಡಿಸಿ, ಆ ಜಾಗಕ್ಕೆ ಒಬ್ಬ ಆಳನ್ನು ಕರೆಯಿರಿ. ಪೇಟೆಯ ಓದುಗರೇ, ನಿಮ್ಮಲ್ಲಿ ಅಡಿಕೆ ಇಲ್ಲದಿರಬಹುದು, ಗೃಹಪ್ರವೇಶ, ಸೀಮಂತ, ನೆಂಟರ ಸಾಲು ಇರುತ್ತದಲ್ಲ? ಲೆಕ್ಕ ಒಂದೇ.

ಪಾಠದ ಆಚೆಗೆ ಏನಿದೆ?

ಸರಿ, ಹೊತ್ತು ಕೊಟ್ಟೆವು. ಅದರಲ್ಲಿ ಏನು ಮಾಡಬಹುದು? ‘ಸಂಗೀತ ಕಲಿ, ಕಂಪ್ಯೂಟರ್ ಕಲಿ’ ಎಂದು ನಾವೇ ಪಟ್ಟಿ ಕೊಟ್ಟರೆ ಅದು ಇನ್ನೊಂದು ಟ್ಯೂಷನ್ ಆಯಿತು. ಆಯ್ಕೆ ಅವಳದ್ದಿರಲಿ. ದಾರಿ ತೋರಿಸುವುದಷ್ಟೇ ನಮ್ಮದು.

ಮೊದಲ ವರ್ಷದಲ್ಲೇ ಸೇರಬೇಕಾದದ್ದು ಎನ್‌ಎಸ್‌ಎಸ್ ಅಥವಾ ಎನ್‌ಸಿಸಿ. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಕೆಲಸ, ಜತೆಗೆ ಏಳು ದಿನದ ಶಿಬಿರ. ‘ಏಳು ದಿನ ಹೊರಗೆ ಉಳಿಯೋದಾ? ಬೇಡ’ ಅನ್ನುವ ಮೊದಲು ಒಮ್ಮೆ ಶಿಬಿರದ ಅಧಿಕಾರಿಯ ಹತ್ತಿರ ಮಾತಾಡಿ ನೋಡಿ. ನಾಲ್ಕು ಜನರ ಎದುರು ನಿಂತು ಮಾತಾಡಲು ಬಾರದ ಎಷ್ಟೋ ಹುಡುಗಿಯರಿಗೆ ಅಲ್ಲಿ ಬಾಯಿ ಬರುತ್ತದೆ.

ಊರಿನ ಕಸುಬು, ಕಲೆಗಳೂ ಇವೆ. ಸಾಗರ, ಸೊರಬ ಕಡೆ ದೀವರ ಮನೆಯ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಬರೆಯುತ್ತಾರೆ. ಅಜ್ಜಿಗೆ ಬರುವ ಈ ಚಿತ್ತಾರವನ್ನು ಮೊಮ್ಮಗಳು ಕಾಗದಕ್ಕೆ, ಬಟ್ಟೆಗೆ ತಂದರೆ ಅದು ಕಲೆಯೂ ಹೌದು, ಕೈಗೆ ಕಾಸೂ ಹೌದು. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ 1996ರಲ್ಲಿ ಶುರುವಾದ ‘ಚರಕ’ ಮಹಿಳೆಯರ ಸಹಕಾರ ಸಂಘ. ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕುವುದನ್ನು ಅಲ್ಲಿ ನೋಡಬಹುದು. ನಾವು ತೊಟ್ಟಿಯಲ್ಲಿ ಚೆಲ್ಲುವ ಚೊಗರಿಗೂ ಬೆಲೆ ಇದೆ ಅಂತ ಬಿಕಾಂ ಹುಡುಗಿಗೆ ಪುಸ್ತಕಕ್ಕಿಂತ ಚೆನ್ನಾಗಿ ಅಲ್ಲಿ ತಿಳಿದೀತು. ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯಲ್ಲಿ ಬೇಸಿಗೆಯ ಆರಂಭದಲ್ಲಿ ಅಪ್ಪೆಮಿಡಿ ವ್ಯಾಪಾರ ಜೋರು. ಅಮ್ಮನ ಉಪ್ಪಿನಕಾಯಿಗೆ ಮಗಳು ಲೆಕ್ಕ ಬರೆದು, ಖರ್ಚೆಷ್ಟು, ಉಳಿದದ್ದೆಷ್ಟು ನೋಡಿ, ನಾಲ್ಕು ಮನೆಗೆ ಮಾರಿದರೆ ಅದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಯಾವುದು?

ನೀನಾಸಂನಲ್ಲಿ ನಾಟಕ ಇದ್ದ ದಿನ ನಾವೇ ಮಗಳ ಜತೆ ಹೋಗಿ ಕೂರಬಹುದು. ರಾತ್ರಿ ವಾಪಸು ಬರುವ ಚಿಂತೆಯೂ ತಪ್ಪಿತು, ನಮಗೂ ಒಂದು ಸಂಜೆ ಸಿಕ್ಕಿತು!

ಎಚ್ಚರ ಎಲ್ಲಿ ಬೇಕು?

ಎಲ್ಲ ಸೈಡ್ ಪ್ರಾಜೆಕ್ಟೂ ಒಳ್ಳೆಯದೇ ಎಂದರೆ ತಪ್ಪಾದೀತು. ವಿಡಿಯೊಗೆ ಲೈಕ್ ಒತ್ತಿ ದಿನಕ್ಕೆ ಸಾವಿರ ಸಂಪಾದಿಸಿ ಅಂತ ಫೋನಿಗೆ ಸಂದೇಶ ಬರುತ್ತದೆ. ಮೊದಲು ನೂರಿನ್ನೂರು ಕೊಡುತ್ತಾರೆ, ಆಮೇಲೆ ‘ಇಷ್ಟು ಕಟ್ಟಿದರೆ ಅಷ್ಟು ಬರುತ್ತೆ’ ಅಂತ ಶುರುವಾಗುತ್ತದೆ. ಕೆಲಸ ಕೊಡುವವರು ನಮ್ಮಿಂದ ದುಡ್ಡು ಕೇಳಿದರೆ ಅದು ಮೋಸ ಅಂತ ಮಕ್ಕಳಿಗೆ ಮೊದಲೇ ಹೇಳಿಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮುಖ್ಯವಾಗಿ, ಮೋಸಹೋದ ಮಗಳು ಮೊದಲು ನಿಮಗೆ ಹೇಳುವಷ್ಟು ಸಲುಗೆ ಇರಲಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟಷ್ಟೂ ನಷ್ಟ ಜಾಸ್ತಿ.

ಅತಿಯಾಗುವುದೂ ಉಂಟು. ಹಾಜರಾತಿ ಇಳಿಯುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ, ಊಟ ಸೇರದಿದ್ದರೆ ಕೂತು ಮಾತಾಡಬೇಕು. ಹಾಸ್ಟೆಲ್ ಸೇರಿದ ಮಗಳು ಫೋನಿನಲ್ಲಿ ದಿನಾ ಅಳುತ್ತಿದ್ದರೆ ‘ಹೊಂದಿಕೋ’ ಅಂತ ಇಟ್ಟುಬಿಡಬೇಡಿ. ಹೋಗಿ ನೋಡಿ ಬನ್ನಿ. ಮನಸ್ಸಿನ ತೊಂದರೆಗೆ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ ಇದೆ, 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟು ಮಾಡಿ ನೋಡಿ

* ಅವಳ ಕಾಲೇಜು ಟೈಂಟೇಬಲ್ಲನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. ಯಾವ ದಿನ ಎಷ್ಟು ಹೊತ್ತಿಗೆ ಬಿಡುವು ಅಂತ ಮನೆಯವರಿಗೆಲ್ಲ ಗೊತ್ತಿರಲಿ. ದಿನಕ್ಕೆ ಎರಡು ಗಂಟೆ ‘ಅವಳ ಹೊತ್ತು’ ಅಂತ ಗುರುತು ಹಾಕಿ. ಆ ಹೊತ್ತಿನಲ್ಲಿ ಯಾರೂ ಅವಳನ್ನು ಕರೆಯುವಂತಿಲ್ಲ, ಅಜ್ಜಿ ಕಷಾಯ ಕೇಳಿದರೂ ಬೇರೆಯವರು ಏಳಬೇಕು.

* ಮನೆಗೆಲಸ ಬೇಡ ಅಂತಲ್ಲ. ಮಗ ಮಗಳಿಗೆ ಸಮನಾಗಿ ಹಂಚಿ. ಮಗ ತನ್ನ ತಟ್ಟೆ ತೊಳೆದು, ಒಂದು ದಿನ ಬಿಟ್ಟು ಒಂದು ದಿನ ಕುಕ್ಕರ್ ಇಟ್ಟರೆ ಮಗಳಿಗೆ ಅರ್ಧ ಸಂಜೆ ಸಿಗುತ್ತದೆ. ಮಗನಿಗೂ ನಾಳೆ ಹಾಸ್ಟೆಲ್‌ನಲ್ಲಿ, ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಹೊಟ್ಟೆಪಾಡು ನಡೆಯುತ್ತದೆ.

* ಅವಳ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಲಿ, ಆಧಾರ್ ಜೋಡಣೆ ಆಗಿರಲಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಡಿಗ್ರಿ ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನವನ್ನು 2025-26ರಲ್ಲಿ ಕರ್ನಾಟಕಕ್ಕೂ ತಂದಿತು. ಅರ್ಜಿ ಹಾಕಬೇಕಾದದ್ದು ಮೊದಲ ವರ್ಷದಲ್ಲೇ. ಕಾಲೇಜಿನ ಕಚೇರಿಯಲ್ಲಿ ಮರೆಯದೆ ವಿಚಾರಿಸಿ.

* ಟ್ಯೂಷನ್ನೋ, ಮೆಹಂದಿಯೋ, ಹೊಲಿಗೆಯೋ, ಅವಳು ದುಡಿದ ಹಣ ಅವಳ ಖಾತೆಗೇ ಹೋಗಲಿ. ‘ಮನೆ ಖರ್ಚಿಗೆ ಕೊಡು’ ಅಂತ ಕೇಳಬೇಡಿ. ತಾನಾಗಿ ಕೊಟ್ಟರೆ ಬೇರೆ ಮಾತು.

* ಸಂಜೆ ಕಾರ್ಯಕ್ರಮ ಇದ್ದಾಗ ‘ಬಸ್ಸಿಲ್ಲ, ಬೇಡ’ ಎಂಬ ಉತ್ತರಕ್ಕೆ ಮೊದಲು ‘ಯಾರು ಕರೆತರಬಹುದು’ ಅಂತ ಯೋಚಿಸಿ. ಅಪ್ಪನ ಬೈಕು ಮಗನನ್ನು ಟ್ಯೂಷನ್ನಿಗೆ ಬಿಡಲು ಹೋಗುವುದಾದರೆ ಮಗಳನ್ನು ತಾಲೀಮಿನಿಂದ ಕರೆತರಲೂ ಹೋಗಬಹುದು. ಒಂದೇ ಕಡೆಯ ಮೂವರು ಹುಡುಗಿಯರ ಅಪ್ಪಂದಿರು ಸರದಿ ಹಾಕಿಕೊಂಡರೆ ಯಾರಿಗೂ ಹೊರೆಯಿಲ್ಲ.

* ಮೊದಲ ಸೆಮಿಸ್ಟರ್‌ನಲ್ಲಿ ಒಂದು ವಿಷಯ ಹೋಯಿತು ಅಂತ ಓದು ಬಿಡಿಸುವ ಮಾತು ಆಡಬೇಡಿ. ಮುಂದೆ ಬರೆದು ಪಾಸಾಗಲು ಅವಕಾಶ ಇದೆ. ಹೊತ್ತು ಕೊಟ್ಟೆವಾ ಅಂತ ಮೊದಲು ಮನೆಯ ಲೆಕ್ಕ ನೋಡಿ, ಆಮೇಲೆ ಅವಳ ಲೆಕ್ಕ ಕೇಳಿ.

‘ಗಂಡನ ಮನೆಗೆ ಹೋದ ಮೇಲೆ ಹೇಗೂ ಮಾಡಲೇಬೇಕು, ಈಗಿಂದಲೇ ಅಭ್ಯಾಸ ಆಗಲಿ’ ಅಂತ ನೀವು ಹೇಳಬಹುದು. ಅನ್ನ ಮಾಡಲು, ಸಾರು ಕುದಿಸಲು ಎಷ್ಟು ದಿನ ಬೇಕು ಹೇಳಿ? ರಜೆಯಲ್ಲಿ ಒಂದು ತಿಂಗಳು ಸಾಕು. ಹದಿನೆಂಟನೆಯ ವಯಸ್ಸಿನ ಖಾಲಿ ಸಂಜೆ ಮಾತ್ರ ರಜೆಯಲ್ಲಿ ತಿರುಗಿ ಬರುವಂಥದ್ದಲ್ಲ. ನಮ್ಮಲ್ಲಿ ಎಷ್ಟೋ ಜನರ ಟ್ರಂಕಿನ ತಳದಲ್ಲಿ ಕಾಲೇಜಿನ ದಿನದ ಕವಿತೆಯ ನೋಟ್‌ಬುಕ್ಕು, ಅರ್ಧಕ್ಕೆ ನಿಂತ ಕಸೂತಿ, ಬಹುಮಾನದ ಸರ್ಟಿಫಿಕೇಟು ಇನ್ನೂ ಇವೆ. ಅವು ಯಾಕೆ ಅಲ್ಲೇ ಉಳಿದವು ಅಂತ ನಮಗೆ ಗೊತ್ತು.

ಇವತ್ತು ಸಂಜೆ ಮಗಳು ಕಾಲೇಜಿನಿಂದ ಬಂದಾಗ ಕಾಫಿ ಕೊಟ್ಟು ಒಂದೇ ಒಂದು ಪ್ರಶ್ನೆ ಕೇಳಿ: ‘ಎರಡು ಗಂಟೆ ನಿನ್ನದೇ ಅಂತ ಕೊಟ್ಟರೆ ಏನು ಮಾಡ್ತೀಯಾ?’ ಬಹುಶಃ ಅವಳ ಹತ್ತಿರ ಉತ್ತರ ಆಗಲೇ ಇದೆ, ಕೇಳಿದವರು ಇರಲಿಲ್ಲ. ಕೇಳಿ ನೋಡ್ತೀರಲ್ಲ?